ಲಿಂಕನ್ನಿನ ಗ್ಯಾಲರಿಯಲ್ಲಿ ಕಲಿತ ತಾಳ್ಮೆ

(ನೆಬ್ರಾಸ್ಕಾದ ಕನ್ನಡಿಗರು ಸೇರಿದ್ದ ಒಂದು ಶನಿವಾರದ ಕೂಟದಲ್ಲಿ ಮಾಡಿದ ಭಾಷಣವನ್ನು ತುಸು ತಿದ್ದಿ ಬರಹಕ್ಕೆ ಇಳಿಸಿದ್ದೇನೆ. ಅಮೆರಿಕದ ಫುಟ್‌ಬಾಲ್ ಪರಿಚಯವಿಲ್ಲದ ಓದುಗರಿಗಾಗಿ ಅಲ್ಲಲ್ಲಿ ವಿವರಣೆ ಸೇರಿಸಿದ್ದೇನೆ.)

ಸ್ನೇಹಿತರೇ,

ಇಲ್ಲಿ ಕುಳಿತಿರುವ ನಮ್ಮೆಲ್ಲರ ಮನೆಗಳಲ್ಲಿ ಸೆಪ್ಟೆಂಬರ್‌ನಿಂದ ನವೆಂಬರ್‌ವರೆಗಿನ ಶನಿವಾರಗಳಿಗೆ ಬೇರೆಯದೇ ಪಂಚಾಂಗವಿದೆ. ನಾಮಕರಣವಿರಲಿ, ಗೃಹಪ್ರವೇಶವಿರಲಿ, ನಮ್ಮ ರಾಜ್ಯೋತ್ಸವವೇ ಇರಲಿ, ದಿನ ಗೊತ್ತುಮಾಡುವ ಮೊದಲು ನೆಬ್ರಾಸ್ಕಾ ವಿಶ್ವವಿದ್ಯಾಲಯದ ಫುಟ್‌ಬಾಲ್ ಪಂದ್ಯ ಅಂದು ಲಿಂಕನ್ನಿನಲ್ಲಿ ಇದೆಯೇ ಎಂದು ನೋಡಿಕೊಳ್ಳುತ್ತೇವೆ. ಏಕೆಂದರೆ ಪಂದ್ಯದ ದಿನ ಎಂಬತ್ತೈದು ಸಾವಿರ ಜನ ತುಂಬುವ ಮೆಮೋರಿಯಲ್ ಸ್ಟೇಡಿಯಂ, ಒಮಾಹಾ ಮತ್ತು ಲಿಂಕನ್ ನಗರಗಳನ್ನು ಬಿಟ್ಟರೆ ಈ ರಾಜ್ಯದ ಮೂರನೆಯ ದೊಡ್ಡ ಊರಾಗಿಬಿಡುತ್ತದೆ. 1962ರ ನವೆಂಬರ್‌ನಿಂದ ಇಂದಿನವರೆಗೆ ಇಲ್ಲಿ ನಡೆದ ಪ್ರತಿಯೊಂದು ಪಂದ್ಯದ ಟಿಕೆಟ್ಟುಗಳೂ ಪೂರ್ತಿ ಮಾರಾಟವಾಗಿವೆ. 2024ರಲ್ಲಿ ಆ ಸರಣಿ ನಾನೂರು ಪಂದ್ಯಗಳ ಗಡಿ ದಾಟಿತು. ಗೆದ್ದ ಕಾಲದಲ್ಲಿ ತುಂಬಿದ್ದು ದೊಡ್ಡ ಮಾತಲ್ಲ; ಆದರೆ 2017ರಿಂದ 2023ರವರೆಗೆ ಸತತ ಏಳು ವರ್ಷ ತಂಡ ಗೆದ್ದ ಪಂದ್ಯಗಳಿಗಿಂತ ಸೋತ ಪಂದ್ಯಗಳೇ ಹೆಚ್ಚಾಗಿದ್ದಾಗಲೂ ತುಂಬಿತು ಎನ್ನುವುದನ್ನು ನಾನು ಕಣ್ಣಾರೆ ನೋಡಿದ್ದೇನೆ, ಆ ಗುಂಪಿನಲ್ಲಿ ನಾನೂ ಒಬ್ಬನಾಗಿ ನಿಂತಿದ್ದೇನೆ.

ಇಂಥ ಜನರಿಗೆ ತಾಳ್ಮೆ ಸಾಲದು ಎಂದು ಯಾರಾದರೂ ಹೇಳಿದರೆ ನನಗೆ ನೋವಾಗುತ್ತದೆ. ಹಾಗೆಯೇ, ಇವರು ಸದಾ ತಾಳ್ಮೆಯಿಂದ ಇದ್ದವರು ಎಂದರೂ ಅದು ನಿಜವಾಗುವುದಿಲ್ಲ. ಸೋತ ತಂಡವನ್ನು ಮತ್ತೆ ಕಟ್ಟುವ ವರ್ಷಗಳಲ್ಲಿ ಅಭಿಮಾನಿ ಯಾವುದನ್ನು ಸಹಿಸಬೇಕು, ಯಾವುದನ್ನು ಪ್ರಶ್ನಿಸಬೇಕು, ಕೋಚ್‌ನನ್ನು ಟೀಕಿಸುವಾಗ ಯಾವ ಅಳತೆಗೋಲು ಹಿಡಿಯಬೇಕು ಎಂಬುದರ ಬಗ್ಗೆ ಇಂದು ಮಾತನಾಡುತ್ತೇನೆ.

ಈ ವಿಷಯವನ್ನು ನನಗೆ ಕಲಿಸಿದವರು ನಮ್ಮ ಪಕ್ಕದ ಮನೆಯ ಹಿರಿಯರು. ನಿವೃತ್ತ ಗಣಿತದ ಮೇಷ್ಟ್ರು. ಅವರ ತಂದೆ ಕೊಂಡಿದ್ದ ಸೀಸನ್ ಟಿಕೆಟ್ಟು ಈಗ ಅವರ ಹೆಸರಿನಲ್ಲಿದೆ, ಪಕ್ಕದ ಸೀಟು ಖಾಲಿಯಾದಾಗಲೆಲ್ಲ ನನ್ನನ್ನು ಕರೆದುಕೊಂಡು ಹೋಗುತ್ತಾರೆ. ಅವರ ಜೇಬಿನಲ್ಲಿ ಅಂಗೈಯಗಲದ ಒಂದು ಪುಸ್ತಕವಿರುತ್ತದೆ, ಮಳೆ ಬಂದರೂ ಅಕ್ಷರ ಕದಡಬಾರದೆಂದು ಪೆನ್ಸಿಲ್ಲಿನಲ್ಲೇ ಬರೆಯುತ್ತಾರೆ. ಪ್ರತಿ ಪಂದ್ಯಕ್ಕೆ ಒಂದು ಪುಟ, ಪುಟಕ್ಕೆ ನಾಲ್ಕು ಕಂಬ. ಕೈಬಿಟ್ಟ ಚೆಂಡು ಎಷ್ಟು, ನಿಯಮ ಮುರಿದು ತೆತ್ತ ದಂಡ ಎಷ್ಟು, ಚೆಂಡನ್ನು ಒದೆಯುವ ಸಂದರ್ಭಗಳಲ್ಲಿ ಆದ ತಪ್ಪು ಯಾವುದು, ಕೊನೆಯ ಹದಿನೈದು ನಿಮಿಷದಲ್ಲಿ ಏನಾಯಿತು. ಅಂತಿಮ ಅಂಕವನ್ನು ಮಾತ್ರ ಅವರು ಪುಟದ ಮೂಲೆಯಲ್ಲಿ ತೀರ ಸಣ್ಣದಾಗಿ ಬರೆಯುತ್ತಾರೆ. ಮೊದಮೊದಲು ಅದೊಂದು ವಯಸ್ಸಾದವರ ಹವ್ಯಾಸವೆಂದು ತಿಳಿದಿದ್ದೆ. ಅವರು ಯಾಕೆ ಬರೆಯಲು ಹಿಡಿದರೆಂಬುದು ಗೊತ್ತಾದದ್ದು ಎಷ್ಟೋ ಕಾಲದ ಮೇಲೆ.

ಹಿಂದಿನ ಕಥೆಯನ್ನು ಸ್ವಲ್ಪ ಹೇಳಲೇಬೇಕು. 1962ರಲ್ಲಿ ಬಾಬ್ ಡೆವನಿ ಇಲ್ಲಿಗೆ ಕೋಚ್ ಆಗಿ ಬಂದಾಗ ನೆಬ್ರಾಸ್ಕಾ ಸೋಲಿಗೆ ಒಗ್ಗಿಹೋಗಿದ್ದ ತಂಡ. ಮೊದಲ ವರ್ಷವೇ ಒಂಬತ್ತು ಪಂದ್ಯ ಗೆಲ್ಲಿಸಿ ಅವರು ಊರಿನ ದೇವರಾದರು. ಆದರೆ 1967 ಮತ್ತು 1968ರಲ್ಲಿ ಆರು ಗೆಲುವು, ನಾಲ್ಕು ಸೋಲು ಬಂದಾಗ, ಅದರಲ್ಲೂ ಒಕ್ಲಹೋಮಾ ತಂಡದ ಎದುರು 47–0 ಅಂತರದಲ್ಲಿ ಸೋತಾಗ, ಅದೇ ಜನ ಅವರನ್ನು ಕಳುಹಿಸಿಬಿಡಿ ಎಂದರು. ಡೆವನಿ ಆಗ ಮಾಡಿದ್ದನ್ನು ಗಮನಿಸಬೇಕು. ದಾಳಿಯ ಆಟದ ರೀತಿಯನ್ನೇ ಹೊಸದಾಗಿ ರೂಪಿಸುವ ಕೆಲಸವನ್ನು ತಮ್ಮ ಯುವ ಸಹಾಯಕ ಟಾಮ್ ಆಸ್ಬೋರ್ನ್ ಅವರಿಗೆ ಒಪ್ಪಿಸಿದರು. 1969ರಲ್ಲಿ ಬಾಯ್ಡ್ ಎಪ್ಲಿ ಎಂಬ ತರುಣನನ್ನು ಆಟಗಾರರ ಅಂಗಸಾಧನೆಗೆಂದೇ ನೇಮಿಸಿದರು; ಭಾರ ಎತ್ತಿದರೆ ಆಟಗಾರರು ನಿಧಾನವಾಗುತ್ತಾರೆಂದು ಕೋಚ್‌ಗಳೇ ನಂಬಿದ್ದ ಕಾಲವದು. 1970 ಮತ್ತು 1971ರಲ್ಲಿ ನೆಬ್ರಾಸ್ಕಾ ರಾಷ್ಟ್ರೀಯ ಪ್ರಶಸ್ತಿ ಗೆದ್ದಿತು. ತಾಳಿದವನು ಬಾಳಿಯಾನು ಎಂದು ಇದನ್ನು ನೋಡಿ ಹೇಳುವವರಿದ್ದಾರೆ. ನನ್ನ ಮಟ್ಟಿಗೆ ಆ ಮಾತು ಅರ್ಧ. ಡೆವನಿ ಉಳಿದದ್ದರ ಜೊತೆಗೆ ಡೆವನಿ ಬದಲಾದದ್ದೂ ಆ ಗೆಲುವಿನೊಳಗಿದೆ.

1973ರಲ್ಲಿ ಅವರ ಸ್ಥಾನಕ್ಕೆ ಬಂದ ಆಸ್ಬೋರ್ನ್ ಅವರ ಕಥೆಯೂ ಹಾಗೆಯೇ. ಇಪ್ಪತ್ತೈದು ವರ್ಷಗಳಲ್ಲಿ ಒಂದು ವರ್ಷವೂ ಒಂಬತ್ತಕ್ಕಿಂತ ಕಡಿಮೆ ಪಂದ್ಯ ಗೆಲ್ಲದವರು, ಒಟ್ಟು 255 ಗೆಲುವು ಕಂಡವರು. ಆದರೂ ಒಕ್ಲಹೋಮಾ ಎದುರಿನ ಮೊದಲ ಐದು ಪಂದ್ಯಗಳನ್ನು ಸೋತಾಗ, ಮುಂದೆ 1988ರ ಜನವರಿಯಿಂದ 1994ರ ಜನವರಿಯವರೆಗೆ ವರ್ಷಾಂತ್ಯದ ಬೌಲ್ ಪಂದ್ಯಗಳನ್ನು (ಋತು ಮುಗಿದ ಮೇಲೆ, ಸಾಕಷ್ಟು ಗೆದ್ದ ತಂಡಗಳಿಗೆ ಸಿಗುವ ಪಂದ್ಯಗಳವು) ಏಳು ಸಲ ಸಾಲಾಗಿ ಸೋತಾಗ, ದೊಡ್ಡ ಪಂದ್ಯ ಗೆಲ್ಲುವುದು ಇವರ ಕೈಯಲ್ಲಾಗದು ಎಂದು ಊರೆಲ್ಲ ಮಾತಾಡಿತು. ಫ್ಲಾರಿಡಾದ ತಂಡಗಳ ವೇಗಕ್ಕೆ ತಮ್ಮ ರಕ್ಷಣಾ ಸಾಲು ಹೊಂದುವುದಿಲ್ಲವೆಂದು ಕಂಡುಕೊಂಡ ಆಸ್ಬೋರ್ನ್, 1990ರ ದಶಕದ ಆರಂಭದಲ್ಲಿ ಆ ಸಾಲಿನ ರಚನೆಯನ್ನು ಬದಲಿಸಿ, ಮೈಗಾತ್ರಕ್ಕಿಂತ ಓಟ ಬಲ್ಲ ಹುಡುಗರನ್ನು ಆರಿಸತೊಡಗಿದರು. 1994ರಲ್ಲಿ, ಕೋಚ್ ಆದ ಇಪ್ಪತ್ತೆರಡನೆಯ ವರ್ಷದಲ್ಲಿ, ಅವರಿಗೆ ಮೊದಲ ರಾಷ್ಟ್ರೀಯ ಪ್ರಶಸ್ತಿ ದೊರೆಯಿತು. 1995 ಮತ್ತು 1997ರಲ್ಲಿ ಇನ್ನೆರಡು ಬಂದವು. ಇಂದು ಯಾವ ವಿಶ್ವವಿದ್ಯಾಲಯವೂ ಪ್ರಶಸ್ತಿಗಾಗಿ ಒಬ್ಬ ಕೋಚ್‌ಗೆ ಇಪ್ಪತ್ತೆರಡು ವರ್ಷ ಕೊಡುವುದಿಲ್ಲ ಎನ್ನುವುದು ನಿಮಗೆ ಗೊತ್ತೇ ಇದೆ.

ಈಗ ನಮ್ಮನ್ನು ಕಾಡುವ ಭಾಗಕ್ಕೆ ಬರುತ್ತೇನೆ. ಆಸ್ಬೋರ್ನ್ ನಂತರ ಕೋಚ್ ಆದ ಫ್ರಾಂಕ್ ಸೋಲಿಚ್ ಇದೇ ವಿಶ್ವವಿದ್ಯಾಲಯದಲ್ಲಿ ಡೆವನಿ ಕೈಕೆಳಗೆ ಆಡಿದ್ದವರು, ವರ್ಷಗಟ್ಟಲೆ ಸಹಾಯಕರಾಗಿ ದುಡಿದವರು. 2002ರ ಜನವರಿಯಲ್ಲಿ ತಂಡವನ್ನು ರಾಷ್ಟ್ರೀಯ ಪ್ರಶಸ್ತಿಯ ಪಂದ್ಯದವರೆಗೆ ಕೊಂಡೊಯ್ದರು, ಅಲ್ಲಿ ಮಯಾಮಿಗೆ ಸೋತರು. ಮುಂದಿನ ಋತುವಿನಲ್ಲಿ ಏಳು ಗೆಲುವು, ಏಳು ಸೋಲು. ನಲವತ್ತು ವರ್ಷಗಳ ಸತತ ಯಶಸ್ಸಿಗೆ ಮೊದಲ ಬಿರುಕು. ಸೋಲಿಚ್ ಸುಮ್ಮನೆ ಕೂರದೆ ಸಹಾಯಕರನ್ನು ಬದಲಿಸಿದರು, ರಕ್ಷಣೆಯನ್ನು ಬೋ ಪೆಲಿನಿ ಅವರಿಗೆ ವಹಿಸಿದರು, 2003ರಲ್ಲಿ ಒಂಬತ್ತು ಪಂದ್ಯ ಗೆದ್ದು ಮೂರನ್ನು ಸೋತರು. ತಿದ್ದಿಕೊಳ್ಳುತ್ತಿರುವ ಮನುಷ್ಯ ಎಂದು ಎದ್ದು ಕಾಣುತ್ತಿತ್ತು. ಆದರೂ ಕೊನೆಯ ಲೀಗ್ ಪಂದ್ಯದಲ್ಲಿ ಕೊಲರಾಡೋವನ್ನು ಅದರ ನೆಲದಲ್ಲೇ ಸೋಲಿಸಿ ಬಂದ ಮರುದಿನ ಅವರನ್ನು ತೆಗೆದುಹಾಕಲಾಯಿತು. ತಂಡ ಸಾಧಾರಣ ಮಟ್ಟಕ್ಕೆ ಜಾರಲು ಬಿಡಬಾರದು ಎಂಬುದು ಅಂದಿನ ಆಡಳಿತದ ವಾದ. ಮುಂದೆ ಬಂದ ಬಿಲ್ ಕ್ಯಾಲಹನ್ ಅವರ ಮೊದಲ ವರ್ಷದಲ್ಲೇ ಐದು ಗೆಲುವು, ಆರು ಸೋಲು ಬಂದು, 1969ರಿಂದ ತಪ್ಪದೆ ನಡೆದುಬಂದಿದ್ದ ಬೌಲ್ ಪಂದ್ಯಗಳ ಸರಣಿ ಕಡಿದುಹೋಯಿತು. 2008ರಲ್ಲಿ ಬೋ ಪೆಲಿನಿ ಮುಖ್ಯ ಕೋಚ್ ಆಗಿ ಬಂದರು. ಏಳು ವರ್ಷವೂ ತಪ್ಪದೆ ಒಂಬತ್ತು ಅಥವಾ ಹತ್ತು ಪಂದ್ಯ ಗೆದ್ದರು. 2014ರಲ್ಲಿ ಅವರನ್ನೂ ಕಳುಹಿಸಲಾಯಿತು. ಅವರ ನಡವಳಿಕೆಯ ಬಗ್ಗೆ ಆಡಳಿತಕ್ಕೆ ಅಸಮಾಧಾನವಿತ್ತು ಎನ್ನುವುದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಗ್ಯಾಲರಿಯಲ್ಲಿ ಕೇಳಿಬಂದ ಮಾತು ಒಂದೇ: ಒಂಬತ್ತು ಸಾಲದು. ಪೆಲಿನಿ ಹೋದ ನಂತರದ ಹತ್ತು ಋತುಗಳಲ್ಲಿ ಒಂಬತ್ತು ಗೆಲುವು ನಮಗೆ ಸಿಕ್ಕಿದ್ದು ಒಂದೇ ಒಂದು ಸಲ, 2016ರಲ್ಲಿ.

ಒಂಬತ್ತು ಗೆದ್ದವರನ್ನು ಕಳುಹಿಸಿದ ಇದೇ ಊರು 2018ರ ನಂತರ ಇದಕ್ಕೆ ತದ್ವಿರುದ್ಧವಾದ ತಪ್ಪು ಮಾಡಿತು. ಆ ವರ್ಷ ಬಂದ ಸ್ಕಾಟ್ ಫ್ರಾಸ್ಟ್ ಲಿಂಕನ್ನಿನಲ್ಲೇ ಹುಟ್ಟಿದವರು, 1997ರ ಪ್ರಶಸ್ತಿ ಗೆದ್ದ ತಂಡದ ಕ್ವಾರ್ಟರ್‌ಬ್ಯಾಕ್, ಎಂದರೆ ದಾಳಿಯ ಆಟವನ್ನು ಮೈದಾನದಲ್ಲಿ ಮುನ್ನಡೆಸುವ ಆಟಗಾರ. ಒಂದೂ ಗೆಲ್ಲದೆ ಹನ್ನೆರಡನ್ನೂ ಸೋತಿದ್ದ ಸೆಂಟ್ರಲ್ ಫ್ಲಾರಿಡಾ ತಂಡವನ್ನು ಎರಡೇ ವರ್ಷದಲ್ಲಿ ಹದಿಮೂರಕ್ಕೆ ಹದಿಮೂರು ಗೆಲ್ಲುವಂತೆ ಮಾಡಿ ಬಂದಿದ್ದರು. ಮನೆಮಗ ಮನೆಗೆ ಮರಳಿದ ಸಂಭ್ರಮ ಹೇಗಿತ್ತೆಂದು ನಿಮ್ಮಲ್ಲಿ ಅನೇಕರಿಗೆ ನೆನಪಿರಬಹುದು. ಮೊದಲ ಆರು ಪಂದ್ಯ ಸಾಲಾಗಿ ಸೋತಾಗ ಜನ ಎದ್ದುನಿಂತು ಚಪ್ಪಾಳೆ ತಟ್ಟಿದರು. ಆ ಚಪ್ಪಾಳೆ ಸರಿಯಾದದ್ದೇ. ಮೊದಲ ವರ್ಷದ ಸೋಲನ್ನು ಹೊಟ್ಟೆಗೆ ಹಾಕಿಕೊಳ್ಳಬೇಕು. ಆದರೆ ಎರಡನೆಯ, ಮೂರನೆಯ, ನಾಲ್ಕನೆಯ ವರ್ಷವೂ ನಾವು ಅದೇ ಚಪ್ಪಾಳೆ ತಟ್ಟುತ್ತ ಕುಳಿತೆವು.

2021ರ ಪುಟಗಳನ್ನು ಮೇಷ್ಟ್ರು ನನಗೆ ಒಂದು ಸಂಜೆ ಅಡುಗೆಮನೆಯ ಮೇಜಿನ ಮೇಲೆ ಬಿಚ್ಚಿ ತೋರಿಸಿದರು. ಆ ವರ್ಷ ನೆಬ್ರಾಸ್ಕಾ ಮೂರು ಗೆದ್ದು ಒಂಬತ್ತು ಸೋತಿತು, ಆ ಒಂಬತ್ತರಲ್ಲಿ ಯಾವ ಸೋಲೂ ಒಂಬತ್ತು ಅಂಕಕ್ಕಿಂತ ಹೆಚ್ಚಿನ ಅಂತರದ್ದಲ್ಲ. ಇಡೀ ಋತುವಿನಲ್ಲಿ ಬಿಟ್ಟುಕೊಟ್ಟದ್ದಕ್ಕಿಂತ ಗಳಿಸಿದ ಅಂಕಗಳೇ ಹೆಚ್ಚು. ಅಂಕಪಟ್ಟಿಯನ್ನಷ್ಟೇ ನೋಡಿದವರು ಎಂಥ ದುರದೃಷ್ಟ, ಇನ್ನೊಂದು ವರ್ಷ ಕೊಟ್ಟರೆ ದಡ ಸೇರುತ್ತದೆ ಎಂದರು. ನಾನೂ ಹಾಗೆಯೇ ಹೇಳುತ್ತಿದ್ದೆ. ಮೇಷ್ಟ್ರು ಮೂರನೆಯ ಕಂಬದ ಮೇಲೆ ಬೆರಳಿಟ್ಟರು. ಒಕ್ಲಹೋಮಾ ಪಂದ್ಯ: ಟಚ್‌ಡೌನ್ (ಚೆಂಡನ್ನು ಎದುರಾಳಿಯ ಕೊನೆಯ ಗೆರೆ ದಾಟಿಸಿ ಆರು ಅಂಕ ಪಡೆಯುವುದು) ಆದ ಮೇಲೆ ಇನ್ನೊಂದು ಅಂಕಕ್ಕಾಗಿ ಒದ್ದ ಚೆಂಡನ್ನು ಎದುರಾಳಿ ತಡೆದು, ಎತ್ತಿಕೊಂಡು ಓಡಿ, ತಾನೇ ಎರಡು ಅಂಕ ಪಡೆದ. ಮಿಷಿಗನ್ ಸ್ಟೇಟ್ ಪಂದ್ಯ: ಏಳು ಅಂಕ ಮುಂದಿದ್ದು ಇನ್ನೇನು ಮುಗಿಯಬೇಕು ಎನ್ನುವಾಗ, ನಮ್ಮ ಹುಡುಗರೆಲ್ಲ ಮೈದಾನದ ಒಂದು ಬದಿಗೆ ಓಡುತ್ತಿದ್ದರೆ ಒದ್ದ ಚೆಂಡು ಇನ್ನೊಂದು ಬದಿಗೆ ಹೋಯಿತು, ಅದನ್ನು ಹಿಡಿದವನು ತಡೆಯುವವರಿಲ್ಲದೆ ಓಡಿ ಸಮ ಮಾಡಿದ, ಹೆಚ್ಚುವರಿ ಸಮಯದಲ್ಲಿ 23–20 ಸೋಲು. ಐಯೋವಾ ಪಂದ್ಯ: 21–6 ಮುಂದಿದ್ದವರು, ಒದೆತವೊಂದು ತಡೆಯಲ್ಪಟ್ಟು ಅದೇ ಎದುರಾಳಿಯ ಟಚ್‌ಡೌನ್ ಆಗಿ, 28–21 ಸೋತರು. ಸೆಪ್ಟೆಂಬರ್‌ನ ತಪ್ಪು ನವೆಂಬರ್‌ನಲ್ಲೂ ಇತ್ತು.

ದುರದೃಷ್ಟಕ್ಕೆ ಹೀಗೆ ಒಂದೇ ಕಂಬದಲ್ಲಿ ಬಂದು ಕೂರುವ ಅಭ್ಯಾಸವಿರುವುದಿಲ್ಲ ಎಂದರು ಮೇಷ್ಟ್ರು.

ನಾಲ್ವರು ಸಹಾಯಕರನ್ನು ಬದಲಿಸಿ ಫ್ರಾಸ್ಟ್ ಐದನೆಯ ವರ್ಷಕ್ಕೆ ಕಾಲಿಟ್ಟರು. 2022ರ ಆಗಸ್ಟ್ 27ರಂದು, ಐರ್ಲೆಂಡಿನ ಡಬ್ಲಿನ್‌ನಲ್ಲಿ ನಾರ್ತ್‌ವೆಸ್ಟರ್ನ್ ಎದುರು ಋತುವಿನ ಮೊದಲ ಪಂದ್ಯ. ಮೇಷ್ಟ್ರ ಮನೆಯ ನೆಲಮಾಳಿಗೆಯಲ್ಲಿ ಟಿ.ವಿ. ಮುಂದೆ ಹತ್ತು ಹನ್ನೆರಡು ಜನ ಕುಳಿತಿದ್ದೆವು. ಮೂರನೆಯ ಕಾಲುಭಾಗದಲ್ಲಿ 28–17 ಮುಂದೆ. ಆಗ ಚೆಂಡನ್ನು ದೂರ ಒದೆಯಬೇಕಾದ ಕಡೆ, ಎದುರಾಳಿಯನ್ನು ಬೆಚ್ಚಿಬೀಳಿಸಿ ಚೆಂಡನ್ನು ತಾನೇ ಮರಳಿ ಪಡೆಯುವ ಆಸೆಯಿಂದ, ಹತ್ತಿರದಲ್ಲೇ ಬೀಳುವಂತೆ ಚಿಕ್ಕದಾಗಿ ಒದೆಯಿಸಿದರು. ಸಾಮಾನ್ಯವಾಗಿ ಹಿಂದೆ ಬಿದ್ದ ತಂಡ, ಸಮಯ ಮುಗಿಯುತ್ತ ಬಂದಾಗ ಮಾಡುವ ಆಟವದು. ಚೆಂಡು ನಾರ್ತ್‌ವೆಸ್ಟರ್ನ್ ಪಾಲಾಯಿತು. ಅಲ್ಲಿಂದಾಚೆಗೆ ನಾವು ಒಂದು ಅಂಕವನ್ನೂ ಗಳಿಸದೆ 31–28 ಸೋತೆವು. ನೆಲಮಾಳಿಗೆಯಲ್ಲಿ ಯಾರೂ ಕೂಗಾಡಲಿಲ್ಲ. ಮೇಷ್ಟ್ರು ಪೆನ್ಸಿಲ್ ಎತ್ತಿ ಮೂರನೆಯ ಕಂಬದಲ್ಲಿ ಒಂದು ಗುರುತು ಹಾಕಿ ಪುಸ್ತಕ ಮುಚ್ಚಿದ ಸದ್ದು ಮಾತ್ರ ಕೇಳಿಸಿತು.

ಎರಡು ವಾರಗಳ ನಂತರ ಜಾರ್ಜಿಯಾ ಸದರ್ನ್ ಎದುರು, ನಮ್ಮದೇ ಮೈದಾನದಲ್ಲಿ, 45–42 ಸೋಲು. ಮರುದಿನವೇ ಫ್ರಾಸ್ಟ್ ಅವರನ್ನು ತೆಗೆದರು. ಅಕ್ಟೋಬರ್ 1ರವರೆಗೆ ಕಾದಿದ್ದರೆ ಅವರಿಗೆ ಕೊಡಬೇಕಾದ ಪರಿಹಾರ 1.5 ಕೋಟಿ ಡಾಲರಿನಿಂದ 75 ಲಕ್ಷ ಡಾಲರಿಗೆ ಇಳಿಯುತ್ತಿತ್ತು. ನಾಲ್ಕು ವರ್ಷ ಕಾದವರಿಗೆ ಇನ್ನು ಮೂರು ವಾರ ಕಾಯಲು ಆಗಲಿಲ್ಲ. ಕೇಳಬೇಕಾದ ಪ್ರಶ್ನೆಗಳನ್ನು ಸಮಯಕ್ಕೆ ಸರಿಯಾಗಿ ಕೇಳದೆ ಒಳಗೊಳಗೇ ಕೂಡಿಟ್ಟರೆ, ಅದು ಒಂದು ದಿನ ಹೀಗೆ ಒಡೆಯುತ್ತದೆ. 2019ರಲ್ಲೇ ನಾವು ಒದೆತದ ಆಟಗಳ ಬಗ್ಗೆ ಗಟ್ಟಿಯಾಗಿ, ಸಭ್ಯವಾಗಿ ಕೇಳಿದ್ದರೆ ಅದು ಫ್ರಾಸ್ಟ್ ಅವರಿಗೂ ಉಪಕಾರವಾಗುತ್ತಿತ್ತೆಂದು ನಾನು ಮನಸಾರೆ ನಂಬುತ್ತೇನೆ.

ಇಲ್ಲಿ ಒಂದು ವಿಷಯವನ್ನು ಬಿಚ್ಚಿ ಹೇಳಬೇಕು. ಸೋತ ಪಂದ್ಯಗಳ ಸಂಖ್ಯೆ ಕೋಚ್‌ನ ಕೆಲಸವನ್ನು ಅಳೆಯುತ್ತದೆ, ಆದರೆ ತಡವಾಗಿ ಅಳೆಯುತ್ತದೆ. ವರ್ಜೀನಿಯಾ ಟೆಕ್ ತಂಡದ ಫ್ರಾಂಕ್ ಬೀಮರ್ ತಮ್ಮ ಆರನೆಯ ವರ್ಷವಾದ 1992ರಲ್ಲಿ ಎರಡು ಗೆದ್ದು, ಎಂಟು ಸೋತು, ಒಂದನ್ನು ಸಮ ಮಾಡಿಕೊಂಡರು. ಆ ವರ್ಷವೂ ಹಲವು ಪಂದ್ಯಗಳು ಕೊನೆಯ ಗಳಿಗೆಯಲ್ಲಿ ಕೈತಪ್ಪಿದವು, ನಮ್ಮ 2021ರ ಹಾಗೆಯೇ. ವಿಶ್ವವಿದ್ಯಾಲಯ ಅವರನ್ನು ಉಳಿಸಿಕೊಂಡಿತು, ಅವರು ಸಹಾಯಕರಲ್ಲಿ ಹಲವರನ್ನು ಬದಲಿಸಿದರು, ಮುಂದಿನ ವರ್ಷದಿಂದ 2015ರಲ್ಲಿ ನಿವೃತ್ತರಾಗುವವರೆಗೆ ಇಪ್ಪತ್ತಮೂರು ಋತು ಒಂದೂ ತಪ್ಪದೆ ಬೌಲ್ ಪಂದ್ಯ ಆಡಿದರು. ನಮ್ಮ ದಕ್ಷಿಣದ ನೆರೆಯ ಕನ್ಸಾಸ್ ಸ್ಟೇಟ್, ದೇಶದಲ್ಲೇ ಅತಿ ಹೆಚ್ಚು ಸೋತ ತಂಡವೆಂದು ಹೆಸರಾಗಿದ್ದಾಗ ಬಿಲ್ ಸ್ನೈಡರ್ ಬಂದರು. 1989ರಲ್ಲಿ ಅವರು ಗೆದ್ದದ್ದು ಒಂದೇ ಪಂದ್ಯ. ಮರುವರ್ಷ ಐದು, ಅದರ ಮರುವರ್ಷ ಏಳು, ನಾಲ್ಕನೆಯ ವರ್ಷ ಮತ್ತೆ ಐದಕ್ಕೆ ಇಳಿಯಿತು. ಆ ಇಳಿತದಲ್ಲಿ ಅವರನ್ನು ಕೈಬಿಟ್ಟಿದ್ದರೆ, 1998ರಲ್ಲಿ ಮೂವತ್ತು ವರ್ಷಗಳಲ್ಲಿ ಮೊದಲ ಬಾರಿ ನೆಬ್ರಾಸ್ಕಾವನ್ನು ಸೋಲಿಸಿದ ದಿನ ಅವರ ಊರಿಗೆ ಬರುತ್ತಲೇ ಇರಲಿಲ್ಲ. ನೋಡಬೇಕಾದದ್ದು ತಪ್ಪುಗಳ ಜಾತಿಯನ್ನು. ಹೋದ ವರ್ಷ ಆಗುತ್ತಿದ್ದ ತಪ್ಪು ನಿಂತು ಈ ವರ್ಷ ಬೇರೆ ತಪ್ಪು ಆಗುತ್ತಿದ್ದರೆ, ಅಲ್ಲಿ ಕಲಿಕೆ ನಡೆಯುತ್ತಿದೆ, ಅಂಥವರಿಗೆ ಕಾಲ ಕೊಡಬೇಕು. ಅದೇ ತಪ್ಪು ಅದೇ ಜಾಗದಲ್ಲಿ ಮತ್ತೆ ಮತ್ತೆ ಆಗುತ್ತಿದ್ದರೆ, ಕಾಲ ಕೊಟ್ಟು ಪ್ರಯೋಜನವಿಲ್ಲ.

ಕಾಲದ ಲೆಕ್ಕವೇ ಈಗ ಬದಲಾಗಿದೆ ಎನ್ನುವವರಿದ್ದಾರೆ, ಅವರ ಮಾತಿನಲ್ಲಿ ಸತ್ಯವಿದೆ. ಹಿಂದೆ ಹದಿನೆಂಟರ ಹುಡುಗರನ್ನು ಹೈಸ್ಕೂಲಿನಿಂದ ಆರಿಸಿ ತಂದು, ಒಂದು ವರ್ಷ ಆಡಿಸದೆ ಬೆಳೆಸಿ, ಮೂರನೆಯ ನಾಲ್ಕನೆಯ ವರ್ಷಕ್ಕೆ ಫಲ ಕಾಣಬೇಕಿತ್ತು. ಆದ್ದರಿಂದ ಹೊಸ ಕೋಚ್‌ಗೆ ನಾಲ್ಕು ವರ್ಷ ಎಂಬುದು ನ್ಯಾಯವಾದ ಅವಧಿಯಾಗಿತ್ತು. 2018ರಲ್ಲಿ ವಿಶ್ವವಿದ್ಯಾಲಯ ಬದಲಿಸಬಯಸುವ ಆಟಗಾರರಿಗಾಗಿ ಟ್ರಾನ್ಸ್‌ಫರ್ ಪೋರ್ಟಲ್ ತೆರೆಯಿತು. 2021ರಲ್ಲಿ, ಒಮ್ಮೆ ಬದಲಿಸಿದವರು ಒಂದು ವರ್ಷ ಹೊರಗೆ ಕೂರಬೇಕೆಂಬ ನಿಯಮ ಹೋಯಿತು. ಅದೇ ವರ್ಷದ ಜುಲೈನಿಂದ ಆಟಗಾರರು ತಮ್ಮ ಹೆಸರು, ಮುಖಚಹರೆಗಳಿಂದ ಹಣ ಗಳಿಸುವ ಅವಕಾಶ ಬಂತು. ಇಂಡಿಯಾನಾ ವಿಶ್ವವಿದ್ಯಾಲಯಕ್ಕೆ ಕರ್ಟ್ ಸಿಗ್ನೆಟ್ಟಿ ಬಂದಾಗ, ತಮ್ಮ ಹಳೆಯ ತಂಡದಿಂದ ಹನ್ನೆರಡಕ್ಕೂ ಹೆಚ್ಚು ಆಟಗಾರರನ್ನು ಜೊತೆಗೇ ಕರೆತಂದರು. 2023ರಲ್ಲಿ ಮೂರು ಗೆದ್ದಿದ್ದ ತಂಡ 2024ರಲ್ಲಿ ಹನ್ನೊಂದು ಗೆದ್ದಿತು. ಆ ಹನ್ನೊಂದರಲ್ಲಿ ಒಂದು ನಮ್ಮ ವಿರುದ್ಧ, 56–7. ಆ ದಿನ ಸಂಜೆ ನಮ್ಮ ಊರಿನ ಪ್ರತಿ ಮನೆಯಲ್ಲೂ ಕೇಳಿಬಂದ ಪ್ರಶ್ನೆ, ಅವರಿಗೆ ಒಂದೇ ವರ್ಷ ಸಾಕಾದರೆ ನಮಗೇಕೆ ಇಷ್ಟು ಎಂಬುದು. ನ್ಯಾಯವಾದ ಪ್ರಶ್ನೆಯೇ. ಆದರೆ ಒಂದೇ ವರ್ಷದಲ್ಲಿ ಬರುವವರು ಒಂದೇ ವರ್ಷದಲ್ಲಿ ಹೋಗಲೂ ಬಲ್ಲರು ಎನ್ನುವುದು ಅದೇ ನಿಯಮದ ಇನ್ನೊಂದು ಮುಖ.

ಈಗಿನ ಕೋಚ್ ಮ್ಯಾಟ್ ರೂಲ್ 2022ರ ನವೆಂಬರ್‌ನಲ್ಲಿ ಎಂಟು ವರ್ಷಗಳಿಗೆ 7.4 ಕೋಟಿ ಡಾಲರಿನ ಒಪ್ಪಂದದೊಂದಿಗೆ ಬಂದರು. ಅವರ ಹಿಂದಿನ ದಾಖಲೆ ತಂಡ ಕಟ್ಟುವವರದ್ದು. ಮೊದಲ ಮೂರು ವರ್ಷಗಳಲ್ಲಿ ಟೆಂಪಲ್ ವಿಶ್ವವಿದ್ಯಾಲಯದಲ್ಲಿ ಎರಡು, ಆರು, ಹತ್ತು; ಬೇಲರ್ ವಿಶ್ವವಿದ್ಯಾಲಯದಲ್ಲಿ ಒಂದು, ಏಳು, ಹನ್ನೊಂದು ಗೆಲುವುಗಳು. ಈ ಸಂಖ್ಯೆಗಳನ್ನು ಕಂಠಪಾಠ ಮಾಡಿಕೊಂಡು ಮೂರನೆಯ ವರ್ಷಕ್ಕೆ ಹತ್ತು ಎಂದು ಕಾದು ಕುಳಿತವರನ್ನು ನಾನು ಬಲ್ಲೆ. ಕೋಚ್‌ನ ಹಳೆಯ ಲೆಕ್ಕ ಹೊಸ ಊರಿನ ಸಾಲಪತ್ರವಲ್ಲ. 2023ರಲ್ಲಿ ಐದು ಗೆಲುವು, ಏಳು ಸೋಲು. ಚೆಂಡನ್ನು ಎದುರಾಳಿಗೆ ಕಳೆದುಕೊಂಡದ್ದು ಮೂವತ್ತೊಂದು ಬಾರಿ. ಮೇಷ್ಟ್ರ ಮೊದಲ ಕಂಬ ತುಂಬಿ ಅಂಚಿಗೆ ಹರಿದಿತ್ತು. 2024ರಲ್ಲಿ ಮತ್ತೆ ನಾಲ್ಕು ಪಂದ್ಯ ಸಾಲಾಗಿ ಕೈತಪ್ಪುತ್ತಿದ್ದಾಗ, ರೂಲ್ ಋತುವಿನ ನಡುವೆಯೇ ದಾಳಿಯ ಆಟದ ಹೊಣೆಯನ್ನು ಡೇನಾ ಹಾಲ್ಗೊರ್ಸನ್ ಅವರಿಗೆ ವಹಿಸಿದರು. ನವೆಂಬರ್ 23ರಂದು ವಿಸ್ಕಾನ್ಸಿನ್ ತಂಡವನ್ನು 44–25 ಅಂತರದಲ್ಲಿ ಸೋಲಿಸಿ, 2016ರ ನಂತರ ಮೊದಲ ಸಲ ಬೌಲ್ ಪಂದ್ಯಕ್ಕೆ ಅರ್ಹತೆ ಪಡೆದರು, ಅದನ್ನೂ ಗೆದ್ದರು. ರೂಲ್ ಅವರ ಮೇಲೂ ನನಗೆ ಆಕ್ಷೇಪಗಳಿವೆ. ಅವರು ಆ ಬದಲಾವಣೆಯನ್ನು ಒಂದು ತಿಂಗಳು ಮೊದಲೇ ಮಾಡಬಹುದಿತ್ತು.

ಟೀಕೆಯ ರೀತಿಯ ಬಗ್ಗೆ ಒಂದು ಮಾತು. ಕೋಚ್‌ಗೆ ಕೋಟಿಗಟ್ಟಲೆ ಸಂಬಳವಿದೆ, ಅವರು ಸಾರ್ವಜನಿಕ ವಿಶ್ವವಿದ್ಯಾಲಯದ ನೌಕರರು, ಅವರ ತೀರ್ಮಾನಗಳನ್ನು ಒಂದೊಂದಾಗಿ ಎತ್ತಿ ಕೇಳುವ ಹಕ್ಕು ನಮಗಿದೆ. ಅವರ ಮಕ್ಕಳು ಓದುವ ಶಾಲೆಯ ಬಾಗಿಲಲ್ಲಿ ಕೇಳುವ ಹಕ್ಕಿಲ್ಲ. ಚೆಂಡು ಕೈಬಿಟ್ಟ ಹುಡುಗನಿಗೆ ಹತ್ತೊಂಬತ್ತು ವರ್ಷ; ನಮ್ಮಲ್ಲಿ ಅನೇಕರ ಮಕ್ಕಳು ಅವನ ಜೊತೆ ಅದೇ ತರಗತಿಯಲ್ಲಿ ಕೂರುತ್ತಾರೆ. ಅವನು ಹಣ ಪಡೆಯುತ್ತಾನೆಂಬ ಕಾರಣಕ್ಕೆ ಅವನನ್ನು ಬಾಯಿಗೆ ಬಂದಂತೆ ಬೈಯಬಹುದು ಎಂಬ ಹೊಸ ವಾದವನ್ನು ನಾನು ಒಪ್ಪುವುದಿಲ್ಲ. ಆಟ ಮುಗಿದ ಮೇಲೆ ಮೈದಾನ ಬಿಟ್ಟು ಹೋಗುವ ಎದುರಾಳಿ ತಂಡಕ್ಕೂ ಚಪ್ಪಾಳೆ ತಟ್ಟುವ ವಾಡಿಕೆ ಈ ಸ್ಟೇಡಿಯಂನಲ್ಲಿದೆ. ಪರಊರಿನ ಹುಡುಗರಿಗೆ ಸಲ್ಲುವ ಆ ಮರ್ಯಾದೆ ನಮ್ಮ ಹುಡುಗರಿಗೂ ಸಲ್ಲಬೇಕು.

2023ರ ಏಪ್ರಿಲ್‌ನಲ್ಲಿ, ತಂಡ ತನ್ನೊಳಗೇ ಎರಡಾಗಿ ಆಡುವ ವಸಂತದ ಪ್ರದರ್ಶನ ಪಂದ್ಯಕ್ಕೆ ರೂಲ್ ಅವರು ಫ್ರಾಂಕ್ ಸೋಲಿಚ್ ಅವರನ್ನು ಆಹ್ವಾನಿಸಿದರು. ಆ ದಿನವನ್ನು ಸೋಲಿಚ್ ಅವರ ಗೌರವಕ್ಕೇ ಮೀಸಲಿಟ್ಟಿದ್ದರು. ತೆಗೆದುಹಾಕಿ ಹೆಚ್ಚುಕಡಿಮೆ ಇಪ್ಪತ್ತು ವರ್ಷವಾಗಿತ್ತು. ಈ ನಡುವೆ ಅವರು ಓಹಾಯೋ ವಿಶ್ವವಿದ್ಯಾಲಯದಲ್ಲಿ ಹದಿನಾರು ಋತು ಕೋಚ್ ಆಗಿದ್ದು ನಿವೃತ್ತರಾಗಿದ್ದರು. ಎಪ್ಪತ್ತೆಂಟು ವರ್ಷದ ಆ ಸಣ್ಣ ಮೈಕಟ್ಟಿನ ಮನುಷ್ಯ ಮೈದಾನಕ್ಕೆ ಬಂದಾಗ ಜನ ಎದ್ದುನಿಂತರು. ನನ್ನ ಪಕ್ಕದಲ್ಲಿ ಮೇಷ್ಟ್ರೂ ಎದ್ದರು, ಟೋಪಿ ತೆಗೆದು ಎದೆಗೆ ಹಿಡಿದರು, ಚಪ್ಪಾಳೆ ಮಾತ್ರ ತಟ್ಟಲಿಲ್ಲ. ಕೂತ ಮೇಲೆ ನಾನು ಕೇಳಿದೆ, 2003ರ ಪುಸ್ತಕದಲ್ಲಿ ಇವರ ಬಗ್ಗೆ ಏನು ಬರೆದುಕೊಂಡಿದ್ದಿರಿ ಎಂದು. ಆ ವರ್ಷ ಪುಸ್ತಕವಿರಲಿಲ್ಲ ಎಂದರು. ಸೋಲಿಚ್ ಹೋಗಲೇಬೇಕೆಂದು ಆಗ ತಾವೂ ಎಲ್ಲರೊಡನೆ ಹೇಳುತ್ತ ತಿರುಗಿದ್ದರಂತೆ, ಯಾಕೆ ಹೋಗಬೇಕೆಂದು ಹೆಂಡತಿ ಕೇಳಿದಾಗ ಒಂದು ಕಾರಣವೂ ಬಾಯಿಗೆ ಬರಲಿಲ್ಲವಂತೆ. ಮೊದಲ ಪುಸ್ತಕ ಕೊಂಡದ್ದು 2004ರ ಆಗಸ್ಟ್‌ನಲ್ಲಿ.